ಒಬ್ಬರೇ ನ್ಯಾಯಮೂರ್ತಿ, ಮೂರು ಆದೇಶ: ಮುಡಾ ತನಿಖೆ ನ್ಯಾಯವಾಗಿ ನಡೆಯಿತಾ?

ಅಜ್ಜರಕಾಡಿನವ, ಉಡುಪಿ

ಎಲ್ಲರಿಗೂ ನಮಸ್ಕಾರ. ಜಗಳ ಎಬ್ಬಿಸಲು ಇದನ್ನು ಹಾಕುತ್ತಿಲ್ಲ. ನಿಜವಾಗಿ ಕೇಳಬೇಕು ಅನ್ನಿಸಿದೆ.

ನಾವು ಐದಾರು ಜನ ಅಜ್ಜರಕಾಡು ಪಾರ್ಕಿನಲ್ಲಿ ಹನ್ನೆರಡು ವರ್ಷದಿಂದ ಬೆಳಿಗ್ಗೆ ಒಟ್ಟಿಗೆ ನಡೆಯುತ್ತೇವೆ. ನಡೆದಾದ ಮೇಲೆ ಹೋಟೆಲಿನಲ್ಲಿ ಬನ್ಸು, ಚಾ. ಈ ಹನ್ನೆರಡು ವರ್ಷದಲ್ಲಿ ಮೂರು ಲೋಕಸಭೆ ಚುನಾವಣೆ ಬಂದು ಹೋಯಿತು. ಮಾತು ಬಿಟ್ಟವರಿಲ್ಲ. ಇವತ್ತು ಮೊದಲ ಸಲ ನನ್ನ ಹಳೆಯ ಗೆಳೆಯ ಚಾ ಕುಡಿಯದೆ ಎದ್ದು ಹೋದ.

ಕಾರಣ ನಿನ್ನೆಯ ಸುದ್ದಿ. 2025ರ ಜುಲೈ 21, ಸೋಮವಾರ. ಮುಡಾ ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ. ಅದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಪತ್ನಿ ಪಾರ್ವತಿಯವರಿಗೆ ಕೆಸರೆಯ ಜಾಗಕ್ಕೆ ಬದಲಾಗಿ 14 ಸೈಟು ಕೊಟ್ಟದ್ದು ಅಕ್ರಮ ಎಂಬುದು ಆರೋಪ. ಪಾರ್ವತಿಯವರಿಗೆ ಇ.ಡಿ. (ಕೇಂದ್ರದ ಜಾರಿ ನಿರ್ದೇಶನಾಲಯ) ಕೊಟ್ಟ ಸಮನ್ಸ್ ರದ್ದಾಗಿತ್ತಲ್ಲ, ಅದರ ಮೇಲಿನ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತು. ರಾಜಕೀಯದ ಹೋರಾಟ ಮತದಾರರ ಎದುರು ನಡೆಯಲಿ, ಅದಕ್ಕೆ ನಿಮ್ಮನ್ನು ಯಾಕೆ ಬಳಸಲಾಗುತ್ತಿದೆ ಎಂಬ ಅರ್ಥದಲ್ಲಿ ಮುಖ್ಯ ನ್ಯಾಯಮೂರ್ತಿ ಗವಾಯಿಯವರು ಇ.ಡಿ.ಯನ್ನೇ ಕೇಳಿದರು. ನಾನು ಕಾಂಗ್ರೆಸ್‌ಗೆ ಮತ ಹಾಕುವವನು. ನನಗೆ ಖುಷಿ ಆಯಿತು, ಬೆಳಿಗ್ಗೆ ಅದನ್ನು ಹೇಳಿದೆ. ಗೆಳೆಯ ಬಿಜೆಪಿಯವನು. ಅವನು ಹೇಳಿದ್ದು ಇಷ್ಟು: "ಇ.ಡಿ.ಯ ಬಾಗಿಲು ಮುಚ್ಚಿಸಿದಿರಿ. ನಿಮ್ಮ ಸರ್ಕಾರದ ಪೊಲೀಸರೇ ನಿಮ್ಮ ಮುಖ್ಯಮಂತ್ರಿಯನ್ನು ಎರಡು ಗಂಟೆ ಪ್ರಶ್ನೆ ಕೇಳಿ ಕಳಿಸಿದರು, ಆಮೇಲೆ ಬಿ ರಿಪೋರ್ಟ್ ಹಾಕಿದರು. ಅದನ್ನು ತನಿಖೆ ಅಂತೀಯಾ?"

ನಾನು ಜೋರಾಗಿ ಉತ್ತರ ಕೊಟ್ಟೆ. ಅವನು ಎದ್ದ.

ಮನೆಗೆ ಬಂದು ಕೂತಾಗ ತಲೆಯಲ್ಲಿ ಒಂದೇ ಪ್ರಶ್ನೆ. ಒಬ್ಬ ರಾಜಕಾರಣಿಯ ಮೇಲಿನ ತನಿಖೆ ನ್ಯಾಯವಾಗಿ ನಡೆದಿದೆಯೋ ಇಲ್ಲವೋ ಎಂದು ನಾವು ಯಾವುದನ್ನು ನೋಡಿ ಹೇಳುತ್ತೇವೆ? ಕೊನೆಗೆ ಯಾರು ಗೆದ್ದರು ಅಂತ ನೋಡಿಯಾ? ಅಥವಾ ಬೇರೆ ಏನಾದರೂ ಅಳತೆ ಇದೆಯಾ? ದಯವಿಟ್ಟು ಗೊತ್ತಿರುವವರು ಬರೆಯಿರಿ. ಎರಡೂ ಕಡೆಯವರು ಬರೆಯಿರಿ.

ಕಾರ್ಕಳದ ಕೃಷಿಕ

ನಿಮ್ಮ ಗೆಳೆಯ ಹೇಳಿದ್ದರಲ್ಲಿ ತಪ್ಪೇನಿದೆ, ಅಣ್ಣ? ನಾನೂ ಅದನ್ನೇ ಹೇಳುವವನು.

ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. 2024ರ ಸೆಪ್ಟೆಂಬರ್ 24ಕ್ಕೆ ಹೈಕೋರ್ಟ್ ತನಿಖೆ ಆಗಲೇಬೇಕು ಅಂದಿತು. 25ಕ್ಕೆ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಮೈಸೂರು ಲೋಕಾಯುಕ್ತ ಪೊಲೀಸರಿಗೆ ಆದೇಶ ಕೊಟ್ಟಿತು. 26ಕ್ಕೆ ಸಂಪುಟ ಸಭೆ ಸೇರಿ, ರಾಜ್ಯದಲ್ಲಿ ತನಿಖೆ ಮಾಡಲು ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು ವಾಪಸ್ ಪಡೆಯಿತು. 27ಕ್ಕೆ ಎಫ್‌ಐಆರ್. ಮುಖ್ಯಮಂತ್ರಿ ಮೊದಲ ಆರೋಪಿ. ಎಫ್‌ಐಆರ್‌ನ ಹಿಂದಿನ ದಿನವೇ ಆ ತೀರ್ಮಾನ ಯಾಕೆ ಬೇಕಿತ್ತು? ಇದಕ್ಕೆ ಯಾರೂ ನೇರ ಉತ್ತರ ಕೊಡುವುದಿಲ್ಲ.

ಆಮೇಲೆ ಸೈಟು. 14 ಸೈಟು ಕಾನೂನು ಪ್ರಕಾರವೇ ಸಿಕ್ಕಿದ್ದಾದರೆ ಎಫ್‌ಐಆರ್ ಆದ ಮೂರೇ ದಿನಕ್ಕೆ ವಾಪಸ್ ಕೊಡುತ್ತೇನೆ ಅಂತ ಯಾಕೆ ಬರೆಯಬೇಕು? ಕೆಸರೆಯಲ್ಲಿ ಇದ್ದದ್ದು 3 ಎಕರೆ 16 ಗುಂಟೆ. ಅದಕ್ಕೆ ಬದಲಾಗಿ ಸಿಕ್ಕಿದ್ದು ವಿಜಯನಗರದಂಥ ಬಡಾವಣೆಯಲ್ಲಿ ಸೈಟು. ನಮ್ಮ ಊರಲ್ಲಿ ಹೆದ್ದಾರಿಗೆ ಜಾಗ ಕೊಟ್ಟವರು ಪರಿಹಾರಕ್ಕೆ ಎಷ್ಟು ವರ್ಷ ಅಲೆದಿದ್ದಾರೆ ಅಂತ ನನಗೆ ಗೊತ್ತು. ನನ್ನ ಮಾವನವರೇ ಅಲೆದರು. ಅವರಿಗೆ ಯಾವ ಬಡಾವಣೆಯಲ್ಲೂ ಸೈಟು ಸಿಗಲಿಲ್ಲ. ಅವರನ್ನು ನೋಡಿದ ಕಣ್ಣಿಗೆ ಇದು ನ್ಯಾಯ ಅಂತ ಕಾಣುವುದಿಲ್ಲ.

ಲೋಕಾಯುಕ್ತ ಸ್ವತಂತ್ರ ಸಂಸ್ಥೆ, ಸರಿ. ಅಲ್ಲಿಯ ಪೊಲೀಸರು ಎಲ್ಲಿಂದ ಬರುತ್ತಾರೆ? ರಾಜ್ಯದ ಪೊಲೀಸ್ ಇಲಾಖೆಯಿಂದಲೇ. ನಾಳೆ ವಾಪಸ್ ಹೋಗಬೇಕಾದ್ದೂ ಅಲ್ಲಿಗೇ. ಇನ್ನೊಂದು ನೆನಪಿಸುತ್ತೇನೆ. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಕಟ್ಟಿ ಲೋಕಾಯುಕ್ತದ ಕೈಯಿಂದ ಭ್ರಷ್ಟಾಚಾರದ ತನಿಖೆ ಕಿತ್ತುಕೊಂಡದ್ದು ಯಾರ ಸರ್ಕಾರ? ಇದೇ ಸಿದ್ದರಾಮಯ್ಯನವರದ್ದು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಬೇಕಾಯಿತು.

ಬಂದರಿನ ವ್ಯಾಪಾರಿ, ಮಂಗಳೂರು

ಕೃಷಿಕರೇ, ತಾರೀಖು ಹೇಳುವಾಗ ಪೂರ್ತಿ ಹೇಳಿ ಮಾರಾಯ್ರೆ. ಸೈಟು ಹಂಚಿಕೆ ಆದದ್ದು 2021ರಲ್ಲಿ. ಆಗ ರಾಜ್ಯದಲ್ಲಿ ಯಾರ ಸರ್ಕಾರ ಇತ್ತು? ಬಿಜೆಪಿಯದ್ದು. ಸಿದ್ದರಾಮಯ್ಯ ವಿರೋಧ ಪಕ್ಷದಲ್ಲಿದ್ದರು. ಇದನ್ನು ಬಿಟ್ಟು ಮಾತು ಶುರು ಮಾಡುವುದೇ ಅನ್ಯಾಯ.

ರಾಜ್ಯಪಾಲರ ವಿಷಯಕ್ಕೆ ಬನ್ನಿ. ಸಿದ್ದರಾಮಯ್ಯನವರ ಮೇಲೆ ತನಿಖೆಗೆ ಅನುಮತಿ ಕೊಟ್ಟದ್ದು ಅವರೇ. ದೂರು ಬಂದದ್ದು 2024ರ ಜುಲೈ 26. ಶೋಕಾಸ್ ನೋಟಿಸ್ ಹೋದದ್ದೂ ಅದೇ ದಿನ. ಆದರೆ ಗಣಿ ಪ್ರಕರಣದಲ್ಲಿ ಕುಮಾರಸ್ವಾಮಿಯವರ ಮೇಲೆ ಕ್ರಮಕ್ಕೆ ಅನುಮತಿ ಕೇಳಿ ಲೋಕಾಯುಕ್ತ ಎಸ್‌ಐಟಿ 2023ರ ನವೆಂಬರ್‌ನಲ್ಲೇ ಬರೆದಿತ್ತು. ಅದು ರಾಜಭವನದಲ್ಲಿ ತಿಂಗಳುಗಟ್ಟಲೆ ಕೂತಿತ್ತು. ಒಂದು ಕಡತಕ್ಕೆ ಒಂದು ದಿನ, ಇನ್ನೊಂದಕ್ಕೆ ತಿಂಗಳುಗಳು. ಇದನ್ನು ನೋಡಿಯೂ ನಾವು ಸುಮ್ನೆ ಇರಬೇಕಾ?

ಇ.ಡಿ. ಬಗ್ಗೆ ನನಗೆ ಸಿಟ್ಟು ಇದೆ, ಮುಚ್ಚಿಡುವುದಿಲ್ಲ. ಡಿ.ಕೆ. ಶಿವಕುಮಾರ್ ಅವರನ್ನು 2019ರ ಸೆಪ್ಟೆಂಬರ್ 3ಕ್ಕೆ ಬಂಧಿಸಿದರು. ಜಾಮೀನು ಸಿಕ್ಕಿದ್ದು ಅಕ್ಟೋಬರ್ 23ಕ್ಕೆ. ಐವತ್ತು ದಿನ ವಶದಲ್ಲಿ, ಅದರಲ್ಲಿ ತಿಹಾರ್ ಜೈಲೂ ಸೇರಿತು. ಆ ಕೇಸನ್ನು 2024ರ ಮಾರ್ಚ್ 5ಕ್ಕೆ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಆ ಕೇಸು ನಿಲ್ಲುವುದೇ ಇಲ್ಲ ಅಂತ ಆಯಿತು. ಆ ಐವತ್ತು ದಿನವನ್ನು ಯಾರು ವಾಪಸ್ ಕೊಡುತ್ತಾರೆ?

ಕೇಂದ್ರ ಸರ್ಕಾರವೇ ಈ ವರ್ಷದ ಮಾರ್ಚ್‌ನಲ್ಲಿ ರಾಜ್ಯಸಭೆಗೆ ಲೆಕ್ಕ ಕೊಟ್ಟಿದೆ. ಹತ್ತು ವರ್ಷದಲ್ಲಿ ರಾಜಕಾರಣಿಗಳ ಮೇಲೆ ಇ.ಡಿ. ಹಾಕಿದ ಕೇಸು 193. ಶಿಕ್ಷೆ ಆದದ್ದು ಎರಡರಲ್ಲಿ. ನಾನು ವ್ಯಾಪಾರಿ. ನೂರ ತೊಂಬತ್ತಮೂರು ಲೋಡ್ ಕಳಿಸಿ ಎರಡಕ್ಕೆ ಮಾತ್ರ ದುಡ್ಡು ಬಂದರೆ ನನ್ನ ಅಂಗಡಿ ಬಾಗಿಲು ಹಾಕಬೇಕು.

ಕಾರ್ಕಳದ ಕೃಷಿಕ

193ರಲ್ಲಿ ಎಷ್ಟು ಕೇಸಿನ ವಿಚಾರಣೆ ಮುಗಿದಿದೆ ಅಂತ ಕೇಳಬೇಕಲ್ವಾ? ನಮ್ಮ ಕೋರ್ಟುಗಳಲ್ಲಿ ಗಡಿ ತಕರಾರಿಗೇ ಇಪ್ಪತ್ತು ವರ್ಷ ಬೇಕು. ಶಿಕ್ಷೆ ಆಗಿಲ್ಲ ಅಂದ ಮಾತ್ರಕ್ಕೆ ಎಲ್ಲ ಸುಳ್ಳು ಕೇಸು ಅಂತ ಆಗುವುದಿಲ್ಲ. ಮುಡಾ ವಿಷಯದಲ್ಲೇ ಇ.ಡಿ. ಜನವರಿಯಲ್ಲಿ 142 ಆಸ್ತಿ ಮುಟ್ಟುಗೋಲು ಹಾಕಿದೆ. ಸುಮಾರು 300 ಕೋಟಿ ಮೌಲ್ಯ. ಅದೂ ಸುಮ್ನೆಯಾ?

ನಿವೃತ್ತ ರೈಟರ್, ಬ್ರಹ್ಮಾವರ

ನಾನು ಪೊಲೀಸ್ ಸ್ಟೇಷನ್ನಿನಲ್ಲಿ ಕಡತ ಬರೆಯುವ ರೈಟರ್ ಆಗಿ ಬಹಳ ವರ್ಷ ಕೆಲಸ ಮಾಡಿದವನು. ಪಕ್ಷದ ಮಾತು ನನಗೆ ಬೇಡ. ಬಿ ರಿಪೋರ್ಟ್ ಅಂದರೆ ಏನು ಅಂತ ಇಲ್ಲಿ ಇಬ್ಬರೂ ಸ್ವಲ್ಪ ತಪ್ಪು ತಿಳಿದಿದ್ದೀರಿ. ಅದನ್ನು ಹೇಳುತ್ತೇನೆ.

ತನಿಖೆ ಮುಗಿದ ಮೇಲೆ ಆರೋಪಕ್ಕೆ ಸಾಕ್ಷ್ಯ ಸಿಕ್ಕಿದರೆ ಚಾರ್ಜ್‌ಶೀಟ್. ಆರೋಪಕ್ಕೆ ಆಧಾರ ಇಲ್ಲ, ಅಥವಾ ಸಾಕ್ಷ್ಯ ಸಾಲದು, ಅಥವಾ ಇದು ಸಿವಿಲ್ ವಿಷಯ ಅಂತ ಕಂಡರೆ ಬಿ ರಿಪೋರ್ಟ್. ಕಳವು ಆದದ್ದು ನಿಜ, ಕಳ್ಳ ಸಿಗಲಿಲ್ಲ ಅಂದರೆ ಸಿ ರಿಪೋರ್ಟ್. ಬಿ ರಿಪೋರ್ಟ್ ಹಾಕಿದ ಕೂಡಲೇ ಕೇಸ್ ಮುಗಿಯುವುದಿಲ್ಲ. ದೂರು ಕೊಟ್ಟವರಿಗೆ ನೋಟಿಸ್ ಹೋಗಬೇಕು. ಅವರು ತಕರಾರು ಅರ್ಜಿ ಹಾಕಬಹುದು. ನ್ಯಾಯಾಧೀಶರು ಬಿ ರಿಪೋರ್ಟ್ ಒಪ್ಪಬಹುದು, ಬಿಡಬಹುದು, ಇನ್ನೂ ತನಿಖೆ ಮಾಡಿ ಅನ್ನಬಹುದು. ಮುಡಾದಲ್ಲಿ ಆದದ್ದು ಇದೇ. ಫೆಬ್ರವರಿಯಲ್ಲಿ ಮೊದಲ ನಾಲ್ಕು ಆರೋಪಿಗಳ ಮಟ್ಟಿಗೆ ಲೋಕಾಯುಕ್ತ ಪೊಲೀಸರು ಬಿ ರಿಪೋರ್ಟ್ ಕೊಟ್ಟರು. ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ಅದರ ಮೇಲೆ ತೀರ್ಮಾನ ಮುಂದಕ್ಕೆ ಹಾಕಿ, ಉಳಿದ ತನಿಖೆ ಮುಗಿಸಿ ಪೂರ್ತಿ ವರದಿ ಕೊಡಿ ಅಂದಿತು. ಹಾಗಾಗಿ ಇದನ್ನು ಕ್ಲೀನ್ ಚಿಟ್ ಅಂತ ಸಂಭ್ರಮ ಪಡುವುದೂ ಬೇಡ, ಮುಚ್ಚಿ ಹಾಕಿದರು ಅಂತ ಈಗಲೇ ಹೇಳುವುದೂ ಬೇಡ.

ಇನ್ನು ಒತ್ತಡದ ವಿಷಯ. ಇದನ್ನು ಒಳಗಿದ್ದು ನೋಡಿದವನಾಗಿ ಹೇಳುತ್ತೇನೆ. ಯಾವ ದೊಡ್ಡವರೂ ಫೋನ್ ಮಾಡಿ "ಸುಳ್ಳು ಬರೆಯಿರಿ" ಅಂತ ಹೇಳುವುದಿಲ್ಲ. "ಸ್ವಲ್ಪ ನೋಡಿ ಮಾಡಿ" ಅಂತಾರೆ. ಅಷ್ಟೇ ಸಾಕು. ಆಮೇಲೆ ನಡೆಯುವುದೆಲ್ಲ ಕಾಗದದಲ್ಲಿ ಕಾಣದ ಹಾಗೆ ನಡೆಯುತ್ತದೆ. ಒಬ್ಬ ಸಾಕ್ಷಿಯನ್ನು ಕರೆಯುವುದು ಮರೆತು ಹೋಗುತ್ತದೆ. ಒಂದು ಮಹಜರಿಗೆ ತಡ ಆಗುತ್ತದೆ. ಕೇಳಬೇಕಾದ ನಲವತ್ತು ಪ್ರಶ್ನೆಯಲ್ಲಿ ಮೂವತ್ತು ಕೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ಬರೆದದ್ದೆಲ್ಲ ನಿಜವೇ ಇರುತ್ತದೆ, ಆದರೆ ಪೂರ್ತಿ ಇರುವುದಿಲ್ಲ.

ಒಂದು ಸಲ ನಾನಿದ್ದ ಸ್ಟೇಷನ್ನಿನಲ್ಲಿ ಒಂದು ಹೊಡೆದಾಟದ ಕೇಸು. ಆರೋಪಿ ಊರಿನ ದೊಡ್ಡ ಮನೆಯವನು. ತನಿಖೆ ಮಾಡುತ್ತಿದ್ದ ಸಬ್ ಇನ್‌ಸ್ಪೆಕ್ಟರ್ ಎಳೆಯ ಹುಡುಗ, ಪ್ರಾಮಾಣಿಕ. ಮೂರನೇ ವಾರಕ್ಕೆ ಅವನಿಗೆ ವರ್ಗಾವಣೆ ಬಂತು. ಹೊಸಬರು ಬಂದು ಅದೇ ಕಡತದ ಮೇಲೆ ಬಿ ರಿಪೋರ್ಟ್ ಬರೆಸಿದರು. ಬರೆದವನು ನಾನೇ. ನನ್ನ ಕೈಬರಹದಲ್ಲೇ ಇದೆ. ಏಟು ತಿಂದವನ ತಾಯಿ ನೋಟಿಸ್ ಹಿಡಿದುಕೊಂಡು ಸ್ಟೇಷನ್ನಿಗೆ ಬಂದು "ಇದರಲ್ಲಿ ಏನು ಬರೆದಿದೆ ಸ್ವಾಮಿ" ಅಂತ ಕೇಳಿದರು. ನಾನು ಓದಿ ಹೇಳಿದೆ. ಆ ದಿನ ರಾತ್ರಿ ಊಟ ಸೇರಲಿಲ್ಲ. ಇವತ್ತಿಗೂ ಅದು ನೆನಪಿಗೆ ಬಂದರೆ ಎದೆ ಭಾರ ಆಗುತ್ತದೆ.

ಆದ್ದರಿಂದ ಎಷ್ಟು ಗಂಟೆ ಕೂರಿಸಿದರು ಅನ್ನುವುದು ನನಗೆ ಅಳತೆ ಅಲ್ಲ. ಹತ್ತು ಗಂಟೆ ಕೂರಿಸಿ ಒಂದು ಪ್ರಶ್ನೆಯನ್ನೇ ಹತ್ತು ಸಲ ಕೇಳಬಹುದು. ಎರಡು ಗಂಟೆಯಲ್ಲಿ ಎಲ್ಲ ಕೇಳಿ ಮುಗಿಸಬಹುದು. ಕೇಸ್ ಡೈರಿ ನೋಡಬೇಕು. ಯಾರನ್ನು ಕರೆದರು, ಯಾರನ್ನು ಕರೆಯಲಿಲ್ಲ, ಯಾವ ಕಾಗದ ತರಿಸಿದರು, ತನಿಖೆಯ ಮಧ್ಯೆ ಅಧಿಕಾರಿ ಬದಲಾದರಾ. ನನ್ನ ಅಳತೆ ಅದು.

ಕೊಡಿಯಾಲ್‌ಬೈಲ್ ವಕೀಲೆ

ರೈಟರ್ ಅವರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಷ್ಟು ನೇರವಾಗಿ ಬರೆಯುವವರು ಕಡಿಮೆ.

ನಾನು ಮಂಗಳೂರಿನಲ್ಲಿ ವಕೀಲಿ ಮಾಡುತ್ತೇನೆ. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. ಈ ಪ್ರಕರಣದ ಮೂರು ದೊಡ್ಡ ಆದೇಶಗಳನ್ನು ಬರೆದವರು ಒಬ್ಬರೇ, ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ.

ಮೊದಲನೆಯದು 2024ರ ಸೆಪ್ಟೆಂಬರ್ 24. ರಾಜ್ಯಪಾಲರ ಅನುಮತಿ ಪ್ರಶ್ನೆ ಮಾಡಿ ಸಿದ್ದರಾಮಯ್ಯ ಹಾಕಿದ ಅರ್ಜಿ ವಜಾ. ಲಾಭ ಹೋದದ್ದು ಅರ್ಜಿದಾರರ ಕುಟುಂಬಕ್ಕೆ, ಹಾಗಾಗಿ ತನಿಖೆ ಆಗಲೇಬೇಕು ಅಂದರು. ರಾಜ್ಯಪಾಲರು ಆತುರ ಮಾಡಿದರು ಎಂಬ ವಾದಕ್ಕೂ ಅಲ್ಲಿ ಉತ್ತರ ಇದೆ. ಆ ಆತುರದಿಂದ ಆದೇಶ ಕೆಡುವುದಿಲ್ಲ ಎಂದರು. ಆದರೆ ಅನುಮತಿಯನ್ನು ಭ್ರಷ್ಟಾಚಾರ ತಡೆ ಕಾಯ್ದೆಯ 17ಎ ಸೆಕ್ಷನ್‌ಗೆ ಮಾತ್ರ ಸೀಮಿತ ಮಾಡಿದರು. ಅಂದರೆ ತನಿಖೆಗೆ ಒಪ್ಪಿಗೆ, ವಿಚಾರಣೆಗೆ ಎಳೆಯಲು ಅಲ್ಲ. ಆ ದಿನ ನಮ್ಮ ಬಾರ್ ಅಸೋಸಿಯೇಷನ್ನಿನಲ್ಲಿ ಬಿಜೆಪಿಯ ಗೆಳೆಯರು "ನ್ಯಾಯ ಇನ್ನೂ ಬದುಕಿದೆ" ಅಂದರು. ಕಾಂಗ್ರೆಸ್ ಗೆಳೆಯರು ಮುಖ ಸಪ್ಪೆ ಮಾಡಿಕೊಂಡು ಮೇಲ್ಮನವಿಯ ಮಾತಾಡಿದರು.

ಎರಡನೆಯದು 2025ರ ಫೆಬ್ರವರಿ 7. ತನಿಖೆಯನ್ನು ಸಿಬಿಐಗೆ ಕೊಡಿ ಅಂತ ದೂರುದಾರರು ಕೇಳಿದ್ದರು. ಆಗುವುದಿಲ್ಲ ಅಂದರು. ಲೋಕಾಯುಕ್ತದ ಸ್ವಾತಂತ್ರ್ಯವನ್ನು ಅನುಮಾನಿಸಲು ಕಾರಣ ಕಾಣುವುದಿಲ್ಲ ಅಂದರು.

ಮೂರನೆಯದು ಮಾರ್ಚ್ 7. ಪಾರ್ವತಿಯವರಿಗೂ ಸಚಿವ ಬೈರತಿ ಸುರೇಶ್ ಅವರಿಗೂ ಇ.ಡಿ. ಕೊಟ್ಟ ಸಮನ್ಸ್ ರದ್ದು. ಸೈಟು ವಾಪಸ್ ಹೋಗಿದೆ, ಅಪರಾಧದಿಂದ ಬಂದ ಆಸ್ತಿ ಅವರ ಕೈಯಲ್ಲಿ ಇಲ್ಲ ಎಂಬುದು ಒಂದು ಮುಖ್ಯ ಕಾರಣ. ಆ ದಿನ ಅದೇ ಕೋಣೆಯಲ್ಲಿ ಕೂತವರ ಮುಖಗಳು ಅದಲು ಬದಲಾದವು. ಸೆಪ್ಟೆಂಬರ್‌ನಲ್ಲಿ ಇದೇ ನ್ಯಾಯಮೂರ್ತಿಯನ್ನು ಹೊಗಳಿದವರು ಮಾರ್ಚ್‌ನಲ್ಲಿ ಗೊಣಗಿದರು. ಸೆಪ್ಟೆಂಬರ್‌ನಲ್ಲಿ ಗೊಣಗಿದವರು ಮಾರ್ಚ್‌ನಲ್ಲಿ ಆದೇಶದ ಪ್ರತಿ ಹಂಚಿದರು. ನನಗೆ ತುಂಬ ಬೇಸರ ಆಯಿತು. ಇವರೆಲ್ಲ ಕಾನೂನು ಓದಿದವರು.

ನಿನ್ನೆ ಸುಪ್ರೀಂ ಕೋರ್ಟ್ ಎತ್ತಿ ಹಿಡಿದದ್ದು ಮೂರನೆಯದನ್ನು. ಮೊದಲನೆಯದು ಹಾಗೇ ನಿಂತಿದೆ. ಎರಡನ್ನೂ ಒಟ್ಟಿಗೆ ಓದಿದರೆ ಹೇಳುವುದು ಇಷ್ಟು: ಮುಖ್ಯಮಂತ್ರಿಯ ಮೇಲೆ ತನಿಖೆ ಆಗುವುದು ಸರಿ. ಅದೇ ವಿಷಯ ಹಿಡಿದು ಇ.ಡಿ. ಹೀಗೆ ಒಳಗೆ ಬರುವುದು ಸರಿ ಅಲ್ಲ. ಎರಡೂ ಏಕಕಾಲಕ್ಕೆ ನಿಜ ಆಗಬಹುದು. ಇದನ್ನು ಒಪ್ಪುವುದು ಯಾಕೆ ಇಷ್ಟು ಕಷ್ಟ?

ಇ.ಡಿ. ಬಗ್ಗೆ ಯಾಕೆ ಇಷ್ಟು ಹೆದರಿಕೆ ಅಂತ ಕೃಷಿಕರಿಗೆ ಒಂದು ಮಾತು. ಸಾಮಾನ್ಯ ಕೇಸಿನಲ್ಲಿ ಪೊಲೀಸರ ಎದುರು ಕೊಟ್ಟ ಹೇಳಿಕೆ ನಿಮ್ಮ ವಿರುದ್ಧ ಸಾಕ್ಷ್ಯ ಆಗುವುದಿಲ್ಲ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ 50ನೇ ಸೆಕ್ಷನ್ ಕೆಳಗೆ ಇ.ಡಿ. ಅಧಿಕಾರಿಗೆ ಕೊಟ್ಟ ಹೇಳಿಕೆ ಸಾಕ್ಷ್ಯ ಆಗಬಹುದು. ಸಾಮಾನ್ಯ ಕೇಸಿನಲ್ಲಿ ಜಾಮೀನು ಕೇಳುವುದು ಹಕ್ಕಿನ ಹಾಗೆ. ಇಲ್ಲಿ 45ನೇ ಸೆಕ್ಷನ್ ಪ್ರಕಾರ, ಇವನು ತಪ್ಪಿತಸ್ಥ ಅಲ್ಲ ಅಂತ ನಂಬಲು ಕಾರಣ ಇದೆ ಎಂದು ನ್ಯಾಯಾಧೀಶರಿಗೇ ಅನ್ನಿಸಬೇಕು. ವಿಚಾರಣೆ ಶುರು ಆಗುವ ಮೊದಲೇ. 2022ರ ಜುಲೈ 27ಕ್ಕೆ ಸುಪ್ರೀಂ ಕೋರ್ಟ್ ಇದನ್ನೆಲ್ಲ ಒಪ್ಪಿತು. ಬಂಧನದ ಕಾರಣವನ್ನು ಬರವಣಿಗೆಯಲ್ಲೇ ಕೊಡಬೇಕು ಅಂತ ಇನ್ನೊಂದು ತೀರ್ಪು ಬರಲು 2023ರ ಅಕ್ಟೋಬರ್ ತನಕ ಕಾಯಬೇಕಾಯಿತು. ಇಷ್ಟು ಬಲ ಇರುವ ಕಾಯ್ದೆಯನ್ನು ಯಾರ ಕೈಗೆ ಕೊಟ್ಟರೂ ನನಗೆ ಹೆದರಿಕೆಯೇ. ನಾಳೆ ದಿಲ್ಲಿಯಲ್ಲಿ ಬೇರೆ ಪಕ್ಷ ಬಂದರೆ ಅದೇ ಸೆಕ್ಷನ್ ನಿಮ್ಮ ನಾಯಕರ ಮೇಲೂ ಇರುತ್ತದೆ.

ಮಣಿಪಾಲ ವಿದ್ಯಾರ್ಥಿ

ವಕೀಲ ಮೇಡಂ, ಒಂದು ಪ್ರಶ್ನೆ. ಹಾಗಾದರೆ ರಾಜ್ಯದ ಪೊಲೀಸರು ತನಿಖೆ ಮಾಡಿದರೆ ಮುಖ್ಯಮಂತ್ರಿಯ ಕಡೆ ವಾಲುತ್ತಾರೆ ಅಂತಾರೆ. ಕೇಂದ್ರದವರು ಮಾಡಿದರೆ ಪ್ರಧಾನಿಯ ಕಡೆ ವಾಲುತ್ತಾರೆ ಅಂತಾರೆ. ಮೂರನೆಯವರು ಯಾರಿದ್ದಾರೆ?

ಕೊಡಿಯಾಲ್‌ಬೈಲ್ ವಕೀಲೆ

ಮೂರನೆಯ ಪೊಲೀಸ್ ಇಲ್ಲ, ತಮ್ಮಾ. ಕೋರ್ಟ್ ಉಸ್ತುವಾರಿಯಲ್ಲಿ ತನಿಖೆ ಮಾಡಿಸುವುದು ಒಂದು ದಾರಿ. ಅದು ಎಲ್ಲ ಕೇಸಿಗೂ ಆಗುವ ಮಾತಲ್ಲ. ಉಳಿದದ್ದು ಲೋಕಾಯುಕ್ತರ ಕುರ್ಚಿಯಲ್ಲಿ ಎಂಥ ಮನುಷ್ಯ ಕೂತಿದ್ದಾರೆ ಅನ್ನುವುದು.

ಕಾರ್ಕಳದ ಕೃಷಿಕ

ಎಂಥ ಮನುಷ್ಯ ಅಂದಿರಿ, ನಮ್ಮ ನಿಟ್ಟೆಯ ಸಂತೋಷ್ ಹೆಗ್ಡೆಯವರ ನೆನಪಾಯಿತು. ನಿಟ್ಟೆ ನಮ್ಮ ಮನೆಯಿಂದ ದೂರ ಇಲ್ಲ. ಅವರ ತಂದೆ ಕೆ.ಎಸ್. ಹೆಗ್ಡೆಯವರು 1973ರಲ್ಲಿ ತಮಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟ್ ಹುದ್ದೆಗೇ ರಾಜೀನಾಮೆ ಕೊಟ್ಟು ಬಂದವರು. ಮಗ ಲೋಕಾಯುಕ್ತರಾಗಿ 2011ರ ಜುಲೈ 27ಕ್ಕೆ ಗಣಿ ವರದಿ ಕೊಟ್ಟರು. ಅದರಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಹೆಸರೂ ಇತ್ತು. ನಾನು ಯಡಿಯೂರಪ್ಪನವರ ಅಭಿಮಾನಿ. ಇವತ್ತಿಗೂ. ಆ ವರದಿ ಬಂದಾಗ ನನಗೆ ತಡೆಯಲಾರದ ಸಂಕಟ ಆಯಿತು. ಆದರೆ ಹೆಗ್ಡೆಯವರು ಪಕ್ಷಕ್ಕಾಗಿ ಬರೆದರು ಅಂತ ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ನಾಲ್ಕು ದಿನಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸಿದ್ದರಾಮಯ್ಯ ಕೊಟ್ಟರಾ?

ಆಮೇಲೆ ಅಕ್ಟೋಬರ್ 15ಕ್ಕೆ ಯಡಿಯೂರಪ್ಪ ಬೇರೆ ಕೇಸಿನಲ್ಲಿ ಜೈಲಿಗೆ ಹೋದರು. ಅದು ಖಾಸಗಿ ದೂರಿನ ಕೇಸು. ಮೂರು ವಾರಕ್ಕಿಂತ ಜಾಸ್ತಿ ಆಯಿತು ಹೊರಗೆ ಬರಲು. ಗಣಿ ಕಂಪನಿಯಿಂದ 40 ಕೋಟಿ ಲಂಚ ಎಂಬ ಕೇಸು ಸಿಬಿಐಗೆ ಹೋಯಿತು, ಆಗ ದಿಲ್ಲಿಯಲ್ಲಿ ಕಾಂಗ್ರೆಸ್ ಸರ್ಕಾರ. 2016ರ ಅಕ್ಟೋಬರ್ 26ಕ್ಕೆ ಅವರೂ ಮಕ್ಕಳೂ ಅಳಿಯನೂ ಖುಲಾಸೆ. ಬಂದರಿನ ಅಣ್ಣ ಐವತ್ತು ದಿನದ ಲೆಕ್ಕ ಕೇಳಿದರಲ್ಲ, ಈ ಐದು ವರ್ಷದ ಲೆಕ್ಕ ಯಾರು ಕೊಡುತ್ತಾರೆ?

ಬಂದರಿನ ವ್ಯಾಪಾರಿ, ಮಂಗಳೂರು

ಖುಲಾಸೆ ಆಗುವಾಗ ದಿಲ್ಲಿಯಲ್ಲಿ ಯಾರಿದ್ದರು ಅಂತಲೂ ಹೇಳಿ ಅಣ್ಣ.

ಕಾರ್ಕಳದ ಕೃಷಿಕ

ನೋಡಿ, ಇದೇ. ಖುಲಾಸೆ ಮಾಡಿದ್ದು ನ್ಯಾಯಾಲಯ. ಸಿದ್ದರಾಮಯ್ಯನವರ ಪತ್ನಿಯ ಸಮನ್ಸ್ ರದ್ದು ಮಾಡಿದ್ದೂ ನ್ಯಾಯಾಲಯ. ನಿಮ್ಮದಕ್ಕೆ ನ್ಯಾಯ ಅನ್ನುತ್ತೀರಿ, ನಮ್ಮದಕ್ಕೆ ದಿಲ್ಲಿ ಅನ್ನುತ್ತೀರಿ.

ಕುಂದಾಪ್ರದ ಅಕ್ಕ

ಇಬ್ಬರೂ ಸ್ವಲ್ಪ ನಿಲ್ಲಿ ಕಾಂಬ. ನಾನು ಶಾಲೆಯಲ್ಲಿ ಕಲಿಸಿದವಳು, ತಾಳಮದ್ದಳೆ ಕೇಳಿ ಬೆಳೆದವಳು. ನನಗೂ ಹೇಳುವುದು ಇದೆ.

2011ರ ಜನವರಿ 21. ರಾಜ್ಯಪಾಲ ಭಾರದ್ವಾಜ್ ಯಡಿಯೂರಪ್ಪನವರ ಮೇಲೆ ಮೊಕದ್ದಮೆಗೆ ಅನುಮತಿ ಕೊಟ್ಟರು. ಮರುದಿನ ಆಡಳಿತ ಪಕ್ಷ ಬಿಜೆಪಿಯೇ ರಾಜ್ಯ ಬಂದ್ ಮಾಡಿತು. ರಾಜ್ಯಪಾಲರು ಕಾಂಗ್ರೆಸ್ ಏಜೆಂಟ್ ಅಂದರು. 2024ರ ಆಗಸ್ಟ್ 17. ರಾಜ್ಯಪಾಲ ಗೆಹ್ಲೋಟ್ ಸಿದ್ದರಾಮಯ್ಯನವರ ಮೇಲೆ ಅನುಮತಿ ಕೊಟ್ಟದ್ದು ಹೊರಗೆ ಬಂತು. 19ಕ್ಕೆ ಮಂಗಳೂರಿನಲ್ಲಿ ಕಾಂಗ್ರೆಸ್ ಪ್ರತಿಭಟನೆ. ಟಯರ್ ಸುಟ್ಟರು, ಬಸ್ಸಿಗೆ ಕಲ್ಲು ಬಿತ್ತು. ಒಬ್ಬ ವಿಧಾನ ಪರಿಷತ್ ಸದಸ್ಯರು ರಾಜ್ಯಪಾಲರಿಗೆ ಬಾಂಗ್ಲಾದೇಶದ ಉದಾಹರಣೆ ಕೊಟ್ಟು ಮಾತಾಡಿದರು. ಆ ದಿನ ನನ್ನ ಮಗಳು ಮಂಗಳೂರಿನಿಂದ ಊರಿಗೆ ಬರುವವಳಿದ್ದಳು. ಫೋನ್ ಸಿಗುವ ತನಕ ನಾನು ಕೂತಲ್ಲಿ ಕೂರಲಿಲ್ಲ.

ಎರಡು ಸಲವೂ ಪ್ರಶ್ನೆ ಒಂದೇ. ರಾಜ್ಯಪಾಲರ ಅಧಿಕಾರ ಒಂದೇ. ಮಾತಾಡುವ ಬಾಯಿ ಮಾತ್ರ ಅದಲು ಬದಲು.

ತಾಳಮದ್ದಳೆಯಲ್ಲೂ ಹಾಗೆ ಆಗುತ್ತದೆ ಅಂತ ಯಾರಾದರೂ ಹೇಳಬಹುದು. ಇವತ್ತು ಕರ್ಣನ ಅರ್ಥ ಹೇಳಿದವರು ನಾಳೆ ಕೃಷ್ಣನ ಅರ್ಥ ಹೇಳುತ್ತಾರೆ. ಆದರೆ ಅಲ್ಲಿ ಒಂದು ಶಿಸ್ತು ಇದೆ. ಎದುರು ಕೂತವರು ಹೇಳಿದ್ದನ್ನು ಪೂರ್ತಿ ಕೇಳಿ, ಅದರ ಬುಡ ಹಿಡಿದೇ ಉತ್ತರ ಕೊಡಬೇಕು. ಕೇಳದೆ ತನ್ನದನ್ನೇ ಹೇಳುತ್ತ ಹೋದರೆ ಸಭೆ ಒಪ್ಪುವುದಿಲ್ಲ. ಇಲ್ಲಿ ಕೃಷಿಕರು ಸಿಬಿಐ ಒಪ್ಪಿಗೆಯ ಪ್ರಶ್ನೆ ಕೇಳಿದರು. ಬಂದರಿನವರು ಅದಕ್ಕೆ ಉತ್ತರ ಕೊಡಲಿಲ್ಲ, ಬೇರೆ ಮಾತು ಎತ್ತಿದರು. ಬಂದರಿನವರು ಒಂದೇ ದಿನದ ನೋಟಿಸ್ ಬಗ್ಗೆ ಕೇಳಿದರು. ಕೃಷಿಕರು 193ಕ್ಕೆ ಹಾರಿದರು. ನಾನು ಕಾಯುತ್ತಿದ್ದೇನೆ.

ಇನ್ನೊಂದು ನೆನಪು. 2011ರ ಜೂನ್‌ನಲ್ಲಿ ಯಡಿಯೂರಪ್ಪನವರೂ ಕುಮಾರಸ್ವಾಮಿಯವರೂ ಆಣೆ ಪ್ರಮಾಣ ಅಂತ ಧರ್ಮಸ್ಥಳಕ್ಕೆ ಬಂದಿದ್ದರು. ಇಡೀ ರಾಜ್ಯ ನೋಡುತ್ತಿತ್ತು. ಇಬ್ಬರೂ ಕೈ ಮುಗಿದು ಹೋದರು, ಆಣೆ ಆಗಲಿಲ್ಲ. ನಮ್ಮ ಜನಕ್ಕೆ ಪೊಲೀಸ್ ತನಿಖೆಯ ಮೇಲೆ ನಂಬಿಕೆ ಇದ್ದಿದ್ದರೆ ಆ ದಿನ ಅಷ್ಟು ಜನ ಟಿವಿ ಮುಂದೆ ಕೂರುತ್ತಿದ್ದರಾ? ನನಗೆ ಅದೇ ದುಃಖ.

ಬಂದರಿನ ವ್ಯಾಪಾರಿ, ಮಂಗಳೂರು

ಅಕ್ಕ, ಸರಿ. ಉತ್ತರ ಕೊಡುತ್ತೇನೆ. ಸಿಬಿಐ ಒಪ್ಪಿಗೆ ವಾಪಸ್ ಪಡೆಯುವ ಅಧಿಕಾರ ರಾಜ್ಯಕ್ಕೆ ಇದೆ. ಪಶ್ಚಿಮ ಬಂಗಾಳ, ಕೇರಳ, ತಮಿಳುನಾಡು ಎಲ್ಲ ಮಾಡಿವೆ. ಸಿಬಿಐ ದುರ್ಬಳಕೆ ಆಗುತ್ತಿದೆ ಎಂಬ ಕಾರಣವೂ ನನ್ನ ಪ್ರಕಾರ ಸರಿ. ಆದರೆ ಮಾಡಿದ ದಿನ ತಪ್ಪು. ತಮ್ಮ ಮೇಲೆ ಎಫ್‌ಐಆರ್ ಆಗಲಿರುವಾಗ ಮುಖ್ಯಮಂತ್ರಿ ತಮ್ಮದೇ ಸಂಪುಟದಲ್ಲಿ ಆ ತೀರ್ಮಾನಕ್ಕೆ ಕೂರಬಾರದಿತ್ತು. ಹೈಕೋರ್ಟ್ ಬೇಕೆಂದರೆ ಸಿಬಿಐಗೆ ಕೊಡಬಹುದಿತ್ತು, ರಾಜ್ಯದ ಒಪ್ಪಿಗೆ ಅದಕ್ಕೆ ಅಡ್ಡ ಬರುವುದಿಲ್ಲ. ಹಾಗಿದ್ದ ಮೇಲೆ ಆತುರ ಯಾಕೆ ಬೇಕಿತ್ತು? ಇದನ್ನು ನಾನು ನನ್ನ ಪಕ್ಷದವರ ಮುಂದೆಯೂ ಹೇಳಿದ್ದೇನೆ. ಬಸ್ಸಿಗೆ ಕಲ್ಲು ಹೊಡೆದದ್ದು ನಾಚಿಕೆಯ ಕೆಲಸ. ಅದಕ್ಕೆ ಸಮರ್ಥನೆ ಇಲ್ಲ.

2011ರಲ್ಲಿ ಯಡಿಯೂರಪ್ಪ ಜೈಲಿಗೆ ಹೋದ ಸಂಜೆ ನಾವು ನಮ್ಮ ಓಣಿಯಲ್ಲಿ ಪಟಾಕಿ ಸಿಡಿಸಿದೆವು. ಖುಲಾಸೆ ಆದ ದಿನ ಆ ಸುದ್ದಿಯನ್ನು ಪೂರ್ತಿ ಓದಲೂ ಇಲ್ಲ. ಕೃಷಿಕರ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ.

ಕಾರ್ಕಳದ ಕೃಷಿಕ

ನೋಟಿಸ್ ಬಗ್ಗೆ ಹೇಳುತ್ತೇನೆ. ಒಂದೇ ದಿನದಲ್ಲಿ ನೋಟಿಸ್ ಕೊಟ್ಟದ್ದು ನನಗೂ ಸರಿ ಕಾಣಲಿಲ್ಲ. ಕೋರ್ಟ್ ಅದರಿಂದ ಆದೇಶ ಕೆಡುವುದಿಲ್ಲ ಅಂದಿದೆ, ಅದು ಕಾನೂನು. ಆದರೆ ಕುಮಾರಸ್ವಾಮಿಯವರ ಕಡತಕ್ಕೂ ಅಷ್ಟೇ ಬೇಗ ಕೈ ಹಾಕಬೇಕಿತ್ತು. ನಮ್ಮ ಮಿತ್ರ ಪಕ್ಷದವರು ಅಂತ ತಡ ಆಗಿದ್ದರೆ ತಪ್ಪು. ಡಿ.ಕೆ. ಶಿವಕುಮಾರ್ ವಿಷಯದಲ್ಲಿ ನಾನು ಇನ್ನೂ ಒಪ್ಪುವುದಿಲ್ಲ. ಆ ಕೇಸು ಬಿದ್ದದ್ದು ಕಾನೂನಿನ ಒಂದು ಅಂಶದ ಮೇಲೆ. ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಲೋಕಾಯುಕ್ತ ಪೊಲೀಸರ ಬಗ್ಗೆಯೂ ನನ್ನ ಅನುಮಾನ ಹೋಗಿಲ್ಲ. ರೈಟರ್ ಅವರು ಬರೆದ ಮೇಲೆ ಜಾಸ್ತಿಯೇ ಆಯಿತು.

ಅಕ್ಕ ಹೇಳಿದ 2011ರ ಮುಂದುವರಿಕೆ ನನಗೆ ಮರೆಯುವುದಿಲ್ಲ. ನಮ್ಮ ಸಂಸದ ಸದಾನಂದ ಗೌಡರು ಮುಖ್ಯಮಂತ್ರಿ ಆದರು. 2012ರ ಮಾರ್ಚ್‌ನಲ್ಲಿ ಉಡುಪಿ ಚಿಕ್ಕಮಗಳೂರಿಗೆ ಉಪಚುನಾವಣೆ ಬಂತು. ನಮ್ಮ ಸುನಿಲ್ ಕುಮಾರ್ ಸೋತರು, ಜಯಪ್ರಕಾಶ್ ಹೆಗ್ಡೆ ಗೆದ್ದರು. ಬಿಸಿಲಿನಲ್ಲಿ ಮನೆ ಮನೆ ಹೋದವನು ನಾನು. ಪ್ರತಿ ಮನೆಯಲ್ಲೂ ಜೈಲಿನ ವಿಷಯ ಕೇಳುತ್ತಿದ್ದರು. ಗಣಿ ಲಂಚದ ಕೇಸಿನ ತೀರ್ಪು ಬರಲು ಇನ್ನೂ ನಾಲ್ಕು ವರ್ಷ ಇತ್ತು.

ಕೊಡಿಯಾಲ್‌ಬೈಲ್ ವಕೀಲೆ

ಅಜ್ಜರಕಾಡಿನವರೇ, ನಿಮ್ಮ ಗೆಳೆಯರಿಗೆ ಮಾರ್ಚ್ 7ರ ಆದೇಶ ಓದಲು ಕೊಡಿ. ನೀವು ಸೆಪ್ಟೆಂಬರ್ 24ರದ್ದು ಓದಿ. ಪತ್ರಿಕೆಯ ಸುದ್ದಿ ಅಲ್ಲ, ಆದೇಶವನ್ನೇ. ಹೈಕೋರ್ಟಿನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಉದ್ದ ಇದೆ, ಆದರೆ ಓದಿದರೆ ಅರ್ಥ ಆಗುತ್ತದೆ.

ಅಜ್ಜರಕಾಡಿನವ, ಉಡುಪಿ

ಎರಡು ದಿನ ಆಯಿತು, ಉತ್ತರ ಬರೆಯಲಿಲ್ಲ. ಕ್ಷಮಿಸಿ. ಓದುತ್ತಿದ್ದೆ.

ಸೆಪ್ಟೆಂಬರ್ 24ರ ಆದೇಶವನ್ನು ಕಲ್ಸಂಕದ ಹತ್ತಿರ ಪ್ರಿಂಟ್ ಹಾಕಿಸಿದೆ. ದಪ್ಪ ಕಟ್ಟು. ಹತ್ತು ತಿಂಗಳಿಂದ ಆ ಆದೇಶವನ್ನು ಬೈಯುತ್ತಿದ್ದೆ, ಓದಿರಲಿಲ್ಲ. ಜಾಗದ ದಾಖಲೆಗಳ ಕತೆ ಇರುವ ಭಾಗ ಓದುವಾಗ ನನಗೂ ಪ್ರಶ್ನೆಗಳು ಎದ್ದವು. ಸಿದ್ದರಾಮಯ್ಯ ತಪ್ಪು ಮಾಡಿದ್ದಾರೆ ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ಆದರೆ ತನಿಖೆಯೇ ಬೇಡ ಅಂತ ಕಳೆದ ವರ್ಷ ಜೋರಾಗಿ ಹೇಳಿದ್ದೆ. ಅದು ತಪ್ಪು.

ಇವತ್ತು ಬೆಳಿಗ್ಗೆ ಮಳೆ ಬಿಟ್ಟಿತ್ತು. ಗೆಳೆಯ ಪಾರ್ಕಿಗೆ ಬಂದಿದ್ದ. ಈ ಚರ್ಚೆಯನ್ನು ಅವನ ಮಗ ಅವನಿಗೆ ಓದಿ ಹೇಳಿದ್ದಾನಂತೆ. ಎರಡು ಸುತ್ತು ಮಾತಿಲ್ಲದೆ ನಡೆದೆವು. ಮೂರನೇ ಸುತ್ತಿನಲ್ಲಿ ಅವನೇ ಕೇಳಿದ: "ಆ ರೈಟರ್ ಹೇಳಿದ ತಾಯಿ ಇದ್ದಾರಲ್ಲ, ಅವರು ಆಮೇಲೆ ತಕರಾರು ಅರ್ಜಿ ಹಾಕಿದರಾ?" ನನಗೆ ಗೊತ್ತಿಲ್ಲ ಅಂದೆ. ರೈಟರ್ ಅವರೇ, ಹೇಳಬಹುದಾದರೆ ಹೇಳಿ.

ಲೋಕಾಯುಕ್ತದವರು ಮೆತ್ತಗೆ ಮಾಡಿದರು ಎಂಬ ಮಾತನ್ನು ಅವನು ಬಿಟ್ಟಿಲ್ಲ. ಇ.ಡಿ. ಮಾಡಿದ್ದು ಅನ್ಯಾಯ ಎಂಬ ಮಾತನ್ನು ನಾನೂ ಬಿಟ್ಟಿಲ್ಲ. ಚಾ ಕುಡಿದೆವು. ದುಡ್ಡು ಅವನು ಕೊಟ್ಟ. ಭಾನುವಾರ ಮಾರ್ಚ್ 7ರ ಆದೇಶ ತರಲು ಹೇಳಿದ್ದಾನೆ.

ನಿವೃತ್ತ ರೈಟರ್, ಬ್ರಹ್ಮಾವರ

ಹಾಕಿದರು. ಅರ್ಜಿ ಬರೆದುಕೊಡಲು ಯಾರೂ ಸಿಗದೆ ಒಂದು ವಾರ ತಿರುಗಿದರು. ಕೊನೆಗೆ ಒಬ್ಬ ಕಿರಿಯ ವಕೀಲರು ದುಡ್ಡು ತೆಗೆದುಕೊಳ್ಳದೆ ಬರೆದುಕೊಟ್ಟರು. ನ್ಯಾಯಾಧೀಶರು ಬಿ ರಿಪೋರ್ಟ್ ಒಪ್ಪಲಿಲ್ಲ. ಸಾಕ್ಷಿ ಹೇಳಲು ನನ್ನನ್ನೂ ಕರೆದರು. ಹೋಗಿ ಹೇಳಿದೆ.